ರೋಟರಿ ಎಂಜಿನ್ನಿನ ನಾಲ್ಕು ಪ್ಲಗ್ಗುಗಳು: ಮನೆಯಲ್ಲಿಯೇ ಬದಲಿಸಬಹುದೇ?

ಪ್ರಶ್ನೆ (ಕುಂಬಳೆಯಿಂದ)

ಅಣ್ಣ, ನಮಸ್ಕಾರ. ಶಾರ್ಜಾದಲ್ಲಿ ಕೆಲಸದಲ್ಲಿದ್ದೇನೆ, ಈಗ ಒಂದು ತಿಂಗಳ ರಜೆಯಲ್ಲಿ ಊರಿಗೆ ಬಂದಿದ್ದೇನೆ. ಕಳೆದ ವರ್ಷ ಅಲ್ಲಿ 2009ರ ಮಾಜ್ದಾ ಆರ್‌ಎಕ್ಸ್-8 ಕಾರನ್ನು ಎರಡನೇ ಕೈಯಲ್ಲಿ ಕೊಂಡೆ. ಆರು ಗೇರಿನದು, ಓಡಿರುವುದು 1,10,000 ಕಿ.ಮೀ. ಚಿಕ್ಕಂದಿನಿಂದಲೂ ಆಸೆಪಟ್ಟ ಗಾಡಿ. ಈಗ ನಿಂತಲ್ಲಿ ಎಂಜಿನ್ ನಡುಗುತ್ತದೆ, ಹೊಗೆಯಲ್ಲಿ ಪೆಟ್ರೋಲ್ ವಾಸನೆ ಇದೆ. ಒಮ್ಮೆ ಪಾರ್ಕಿಂಗ್‌ನಲ್ಲಿ ಒಂದು ಜಾಗದಿಂದ ಪಕ್ಕದ ಜಾಗಕ್ಕೆ ಸರಿಸಿ ನಿಲ್ಲಿಸಿದೆ, ಮತ್ತೆ ಸ್ಟಾರ್ಟ್ ಆಗಲೇ ಇಲ್ಲ. ಅಲ್ಲಿನ ಒಂದು ಗ್ಯಾರೇಜಿನವರು ಪ್ಲಗ್ ಬದಲಿಸಬೇಕು ಎಂದು ಹೇಳಿ ದೊಡ್ಡ ಮೊತ್ತ ಕೇಳಿದರು. ಬೈಕಿನ ಪ್ಲಗ್ಗನ್ನು ನಾನೇ ಬದಲಿಸಿಕೊಂಡವನು. ಇದನ್ನೂ ನಾನೇ ಮಾಡಬಹುದೇ? ನೀವು ಗಲ್ಫಿನಲ್ಲಿ ರೋಟರಿ ಗಾಡಿಗಳ ಕೆಲಸ ಮಾಡಿದ್ದೀರಿ ಎಂದು ಗುಂಪಿನಲ್ಲಿ ಒಬ್ಬರು ಹೇಳಿದರು.

ಉತ್ತರ (ಬದಿಯಡ್ಕದ ಮೆಕ್ಯಾನಿಕ್)

ಮಾಡಬಹುದು, ಧಾರಾಳವಾಗಿ ಮಾಡಿ. ಆದರೆ ಬೈಕಿನ ಪ್ಲಗ್ ಎಂದು ತಿಳಿದು ಕೈ ಹಾಕಬೇಡಿ. ಏಕೆ ಎಂಬುದನ್ನು ಮೊದಲು ಹೇಳುತ್ತೇನೆ. ಅದು ಗೊತ್ತಿದ್ದರೆ ಮುಂದಿನ ಎಚ್ಚರಿಕೆಗಳನ್ನು ಯಾರೂ ಬಾಯಿಪಾಠ ಮಾಡಿಸಬೇಕಾಗಿಲ್ಲ.

ನಮ್ಮ ಮನೆಗಳ ಕಡೆಯುವ ಕಲ್ಲನ್ನು ನೆನಪಿಸಿಕೊಳ್ಳಿ. ಗುಂಡುಕಲ್ಲು ಕುಳಿಯ ಗೋಡೆಗೆ ಒರಗಿಕೊಂಡೇ ಸುತ್ತುತ್ತದೆ. ನಿಮ್ಮ ಎಂಜಿನ್ನಿನಲ್ಲಿ ಪಿಸ್ಟನ್ ಇಲ್ಲ. ಬದಿಗಳು ಉಬ್ಬಿದ ತ್ರಿಕೋನಾಕಾರದ ರೋಟರ್ ಹೀಗೆಯೇ ಗೋಡೆಗೆ ಮೂಲೆ ತಾಗಿಸಿಕೊಂಡು ಸುತ್ತುತ್ತದೆ. ಮೂರು ಮೂಲೆಗಳಲ್ಲಿಯೂ ತೆಳ್ಳಗಿನ ಸೀಲ್‌ಗಳಿವೆ. ಆ ಸೀಲ್‌ಗಳು ಪ್ಲಗ್ಗಿನ ರಂಧ್ರದ ಮೇಲೆಯೇ ಸವರಿಕೊಂಡು ಹೋಗುತ್ತವೆ. ಹಾಗಾಗಿ ಪ್ಲಗ್ಗಿನ ತುದಿ ಕೂದಲೆಳೆಯಷ್ಟೂ ಒಳಗೆ ಚಾಚಬಾರದು. ರೋಟರಿ ಎಂಜಿನ್ನಿಗೆ ಬೇರೆಯೇ ಪ್ಲಗ್ ಇರುವುದಕ್ಕೆ ಇದೊಂದು ಕಾರಣ.

ಇನ್ನೊಂದು ಕಾರಣ ಬಿಸಿ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಶಾಫ್ಟ್ ಎರಡು ಸುತ್ತು ಬಂದಾಗ ಒಂದು ಸಿಲಿಂಡರಿನಲ್ಲಿ ಒಮ್ಮೆ ಪೆಟ್ರೋಲ್ ಉರಿಯುತ್ತದೆ. ರೋಟರಿಯಲ್ಲಿ ಪ್ರತಿ ಸುತ್ತಿಗೂ ಪ್ರತಿ ರೋಟರಿನಲ್ಲಿ ಒಮ್ಮೆ. ನಿಮಿಷಕ್ಕೆ 6,000 ಸುತ್ತಿನಲ್ಲಿ ಓಡುವಾಗ ಒಂದು ಪ್ಲಗ್ ಸೆಕೆಂಡಿಗೆ 100 ಸಲ ಕಿಡಿ ಹಾರಿಸುತ್ತದೆ. ನಿಮ್ಮ ಗಾಡಿಯ ಮೀಟರಿನ ಕೆಂಪು ಗೆರೆ ಇರುವುದು 9,000ದಲ್ಲಿ. ಪಿಸ್ಟನ್ ಎಂಜಿನ್ನಿನ ಪ್ಲಗ್ಗಿಗೆ ಮಧ್ಯೆ ತಂಪು ಗಾಳಿ ತಾಗುವ ಬಿಡುವಾದರೂ ಸಿಗುತ್ತದೆ. ಇಲ್ಲಿ ಗಾಳಿ ಒಳಬರುವ ಜಾಗವೇ ಬೇರೆ, ಉರಿಯುವ ಜಾಗವೇ ಬೇರೆ. ಪ್ಲಗ್ಗುಗಳು ಸದಾ ಉರಿಯ ಬದಿಯಲ್ಲಿಯೇ ಕುಳಿತಿರುತ್ತವೆ. ಇದರ ಜೊತೆಗೆ ಸೀಲ್‌ಗಳು ಸವೆಯದಂತೆ ಎಂಜಿನ್ ತಾನಾಗಿಯೇ ಸ್ವಲ್ಪ ಸ್ವಲ್ಪ ಆಯಿಲನ್ನು ಒಳಗೆ ಬಿಡುತ್ತದೆ, ಅದೂ ಸುಡುತ್ತದೆ. ತೋಟದಲ್ಲಿ ಹುಲ್ಲು ಕತ್ತರಿಸುವ ಎರಡು ಸ್ಟ್ರೋಕಿನ ಯಂತ್ರ ಬಳಸುವವರಿಗೆ ಆಯಿಲ್ ಸುಟ್ಟ ಪ್ಲಗ್ಗಿನ ಕಪ್ಪು ಹೇಗಿರುತ್ತದೆ ಎಂದು ಗೊತ್ತು. ಆದ್ದರಿಂದ ಲಕ್ಷ ಕಿ.ಮೀ. ಬಾಳುತ್ತದೆ ಎಂದು ಕಾಯಬೇಡಿ. ನಾನು 40,000 ದಾಟುವ ಹೊತ್ತಿಗೆ ಬದಲಿಸಿಬಿಡುತ್ತಿದ್ದೆ.

ಈಗ ಪ್ಲಗ್ಗುಗಳ ವಿಚಾರ. ಎರಡು ರೋಟರ್, ಪ್ರತಿಯೊಂದಕ್ಕೆ ಎರಡು, ಒಟ್ಟು ನಾಲ್ಕು. ಕೆಳಗಿನದು ಲೀಡಿಂಗ್, ಮೇಲಿನದು ಟ್ರೇಲಿಂಗ್. ಇವೆರಡೂ ಒಂದೇ ಅಲ್ಲ. ಎನ್‌ಜಿಕೆ ಕಂಪನಿಯ ಪ್ಲಗ್ಗುಗಳಲ್ಲಿ ಲೀಡಿಂಗಿನದು ಆರ್‌ಇ7ಸಿ-ಎಲ್, ಟ್ರೇಲಿಂಗಿನದು ಆರ್‌ಇ9ಬಿ-ಟಿ. ಕೊನೆಯ ಎಲ್ ಮತ್ತು ಟಿ ಅಕ್ಷರಗಳನ್ನು ನೋಡಿಯೇ ಹಾಕಿ. ಎನ್‌ಜಿಕೆ ಹೆಸರಿನ ನಡುವಿನ ಸಂಖ್ಯೆ ಹೆಚ್ಚಿದಷ್ಟೂ ಪ್ಲಗ್ ಬೇಗ ಬಿಸಿಯನ್ನು ಹೊರಹಾಕುತ್ತದೆ. ಮೇಲಿನದಕ್ಕೆ 9 ಇರುವುದು ಅದಕ್ಕೇ. ಅದಲು ಬದಲಾದರೆ ಎಂಜಿನ್ನಿಗೆ ಕೇಡು. ಇವುಗಳ ಗ್ಯಾಪನ್ನು, ಅಂದರೆ ಕಿಡಿ ಹಾರುವ ಸಂದನ್ನು, ತಗಡು ತೂರಿಸಿ ಹೊಂದಿಸಲು ಹೋಗಬೇಡಿ, ಪೆಟ್ಟಿಗೆಯಿಂದ ತೆಗೆದಂತೆಯೇ ಹಾಕಬೇಕು.

ಮರುಪ್ರಶ್ನೆ (ಕುಂಬಳೆಯಿಂದ)

ಅರ್ಥವಾಯಿತು ಅಣ್ಣ. ಶಾರ್ಜಾದಲ್ಲಿದ್ದಾಗ ಬಾನೆಟ್ ತೆಗೆದು ಎಷ್ಟು ಹುಡುಕಿದರೂ ಪ್ಲಗ್ಗುಗಳೇ ಕಾಣಲಿಲ್ಲ. ಕೆಲಸವನ್ನು ಎಲ್ಲಿಂದ ಶುರುಮಾಡಬೇಕು?

ಉತ್ತರ

ಮೇಲಿನಿಂದ ಕಾಣುವುದಿಲ್ಲ. ಎಂಜಿನ್ನಿನ ಎಡಬದಿಯಲ್ಲಿ, ಕೆಳಗಡೆ ಇವೆ. ಶಾರ್ಜಾದ ಗಾಡಿಯಲ್ಲಿ ಅದು ಚಾಲಕನ ಬದಿ. ಮುಂದಿನ ಎಡ ಚಕ್ರವನ್ನು ಬಿಚ್ಚಿದರೆ ಚಕ್ರದ ಗೂಡಿನೊಳಗಿನಿಂದ ಕೈ ಹೋಗುತ್ತದೆ.

ಎಂಜಿನ್ ಪೂರ್ತಿ ತಣ್ಣಗಿರಬೇಕು. ಇದನ್ನು ಮೊದಲ ಮಾತಾಗಿ ಹೇಳುವುದಕ್ಕೆ ನನಗೆ ಕಾರಣವಿದೆ. ಇಪ್ಪತ್ತು ವರ್ಷಗಳ ಹಿಂದೆ ದುಬೈಯ ಒಂದು ಗ್ಯಾರೇಜಿನಲ್ಲಿದ್ದಾಗ, ಆಗಷ್ಟೇ ಓಡಿ ಬಂದ ಆರ್‌ಎಕ್ಸ್-7ರ (ಮಾಜ್ದಾದ ಹಿಂದಿನ ರೋಟರಿ ಕಾರು) ಪ್ಲಗ್ಗನ್ನು ಅವಸರದಲ್ಲಿ ಬಿಚ್ಚಿದೆ. ಪ್ಲಗ್ ಇರುವುದು ಅಲ್ಯೂಮಿನಿಯಂ ಗೋಡೆಯಲ್ಲಿ. ಪ್ಲಗ್ಗಿನ ಜೊತೆಗೆ ಅಲ್ಯೂಮಿನಿಯಂನ ಎಳೆಯೂ ಸುರುಳಿಯಾಗಿ ಹೊರಬಂತು. ನಮ್ಮ ಕಡೆ ಪಿರಿ ಹೋಯಿತು ಎನ್ನುತ್ತೇವಲ್ಲ, ಅದೇ. ಚೂರುಗಳು ಒಳಗೆ ಬಿದ್ದಿರಬಹುದೆಂಬ ಭಯಕ್ಕೆ ಇಡೀ ಎಂಜಿನ್ನನ್ನು ಇಳಿಸಬೇಕಾಯಿತು. ಆ ಗಾಡಿಯ ಮಾಲೀಕ ಬೆಂಚಿನ ಮೇಲೆ ಮಾತಿಲ್ಲದೆ ಕುಳಿತಿದ್ದುದು ಇವತ್ತಿಗೂ ಕಣ್ಣ ಮುಂದಿದೆ. ನಿಮ್ಮ ಗಾಡಿಗೆ ಹಾಗಾಗಬಾರದು. ರಾತ್ರಿಯಿಡೀ ನಿಲ್ಲಿಸಿ, ಬಿಸಿಲೇರುವ ಮೊದಲು ಬೆಳಿಗ್ಗೆ ಕೆಲಸ ಹಿಡಿಯಿರಿ.

ಸಮತಟ್ಟಾದ ಗಟ್ಟಿ ನೆಲ ಇರಲಿ. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಜಾಕಿಯಿಂದ ಎತ್ತಿದ ಮೇಲೆ ಸ್ಟ್ಯಾಂಡ್ ಇಟ್ಟೇ ಕೈ ಹಾಕಿ. ಜಾಕಿಯೊಂದನ್ನೇ ನಂಬಬಾರದು. ಊರಿನಲ್ಲಿ ಮನೆ ಅಂಗಳದಲ್ಲಿ ಮಾಡುವವರಿಗೂ ಹೇಳುತ್ತೇನೆ: ಸ್ಟ್ಯಾಂಡಿನ ಬದಲಿಗೆ ಮುರಕಲ್ಲನ್ನಾಗಲಿ ಸಿಮೆಂಟ್ ಬ್ಲಾಕನ್ನಾಗಲಿ ಇಡಬೇಡಿ. ಮಳೆಗಾಲದಲ್ಲಿ ನೆನೆದ ಮುರಕಲ್ಲು ಭಾರಕ್ಕೆ ಹೇಗೆ ಉದುರುತ್ತದೆ ಎಂದು ಕಟ್ಟೆ ಕಟ್ಟಿದ ಎಲ್ಲರಿಗೂ ಗೊತ್ತಿದೆ.

ಚಕ್ರ ಬಿಚ್ಚಿದ ಮೇಲೆ ಪ್ಲಗ್ಗುಗಳ ಸುತ್ತ ಗಾಳಿ ಹೊಡೆದು ಬ್ರಷ್‌ನಿಂದ ಉಜ್ಜಿ. ಅಲ್ಲಿನ ಮರಳು ಒಂದು ಚಿಟಿಕೆ ಒಳಗೆ ಬಿದ್ದರೂ ಸೀಲ್‌ಗಳಿಗೆ ಗಾಯ. ನಾಲ್ಕೂ ವೈರುಗಳನ್ನು ಒಟ್ಟಿಗೆ ಕಿತ್ತಿಡಬೇಡಿ. ಒಂದನ್ನು ತೆಗೆದು, ಅದರ ಪ್ಲಗ್ ಬದಲಿಸಿ, ಅದೇ ವೈರನ್ನು ಸಿಕ್ಕಿಸಿ, ಆಮೇಲೆ ಮುಂದಿನದು. ಮೇಲಿನ ವೈರು ಕೆಳಗೆ ಹೋದರೆ ಕಿಡಿಯ ಹೊತ್ತು ತಪ್ಪುತ್ತದೆ. ವೈರನ್ನು ಹಿಡಿದು ಎಳೆಯದೆ, ತುದಿಯ ರಬ್ಬರ್ ಟೊಪ್ಪಿಯನ್ನು ಸ್ವಲ್ಪ ತಿರುಗಿಸಿ ಎಳೆಯಿರಿ.

21 ಮಿ.ಮೀ. ಪ್ಲಗ್ ಸಾಕೆಟ್, ಒಳಗೆ ರಬ್ಬರ್ ಇರುವಂಥದ್ದು ಬೇಕು. ಜೊತೆಗೆ ಉದ್ದದ ಎಕ್ಸ್‌ಟೆನ್ಶನ್. ಬಿಚ್ಚುವಾಗ ಬಿಗಿ ಎನಿಸಿದರೆ ಬಲ ಹಾಕಬೇಡಿ. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಕಾಯಿರಿ, ಸ್ವಲ್ಪ ಬಿಗಿಯ ಕಡೆಗೆ, ಸ್ವಲ್ಪ ಸಡಿಲದ ಕಡೆಗೆ ಆಡಿಸುತ್ತಾ ಬಿಚ್ಚಿ. ಹೊಸದನ್ನು ಸಾಕೆಟ್ಟಿನಲ್ಲಿ ಹಾಕಿ ತಿರುಗಿಸಲು ಶುರುಮಾಡಬಾರದು. ಒಂದು ಗೇಣು ಪೆಟ್ರೋಲ್ ರಬ್ಬರ್ ಪೈಪನ್ನು ಪ್ಲಗ್ಗಿನ ಬಿಳಿ ಪಿಂಗಾಣಿಗೆ ಸಿಕ್ಕಿಸಿ, ಆ ಪೈಪನ್ನು ಬೆರಳಿನಿಂದ ತಿರುಗಿಸಿ. ಪಿರಿ ಸರಿಯಾಗಿ ಕೂತರೆ ಪ್ಲಗ್ ತಾನೇ ಇಳಿಯುತ್ತದೆ. ಓರೆಯಾದರೆ ಪೈಪ್ ಜಾರುತ್ತದೆ, ಲೋಹಕ್ಕೆ ಏನೂ ಆಗುವುದಿಲ್ಲ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ನಷ್ಟವನ್ನು ತಪ್ಪಿಸುವ ಉಪಕರಣವನ್ನು ನಾನು ಬೇರೆ ಕಂಡಿಲ್ಲ. ಕೊನೆಯ ಬಿಗಿ ಟಾರ್ಕ್ ರೆಂಚಿನಿಂದ, 13ರಿಂದ 17 ನ್ಯೂಟನ್ ಮೀಟರ್. ಪಿರಿಗೆ ಗ್ರೀಸ್ ಹಚ್ಚಬೇಕೇ ಎಂದು ಕೇಳುವವರಿದ್ದಾರೆ. ಎನ್‌ಜಿಕೆಯವರು ಬೇಡ ಎನ್ನುತ್ತಾರೆ. ಜಾರಿಕೆಯಿಂದಾಗಿ ರೆಂಚ್ ತೋರಿಸುವುದಕ್ಕಿಂತ ಹೆಚ್ಚು ಬಿಗಿಯಾಗಿಬಿಡುತ್ತದೆ. ನಾನೂ ಹಚ್ಚುವುದಿಲ್ಲ.

ಹಳೆಯ ಪ್ಲಗ್ಗುಗಳನ್ನು ರಟ್ಟಿನ ಮೇಲೆ ಮುಂದೆ, ಹಿಂದೆ, ಮೇಲೆ, ಕೆಳಗೆ ಎಂದು ಬರೆದು ಅದೇ ಕ್ರಮದಲ್ಲಿ ಇಡಿ. ಈ ಕೆಲಸದಲ್ಲಿ ನಿಮಗೆ ನಿಜವಾಗಿ ಸಿಗುವ ಲಾಭ ಅದು. ಕಂದು ಬಣ್ಣದ ಒಣ ತುದಿ ಆರೋಗ್ಯದ ಲಕ್ಷಣ. ಒಣ ಕಾಡಿಗೆಯಂಥ ಕಪ್ಪು ಇದ್ದರೆ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಕಿಡಿ ಸಾಲದು. ಪೆಟ್ರೋಲಿನಲ್ಲಿ ಒದ್ದೆಯಾಗಿದ್ದರೆ ಅಲ್ಲಿ ಕಿಡಿಯೇ ಬರುತ್ತಿಲ್ಲ. ಕೆಳಗಿನದನ್ನು ಕೆಳಗಿನದರೊಂದಿಗೆ, ಮೇಲಿನದನ್ನು ಮೇಲಿನದರೊಂದಿಗೆ ಹೋಲಿಸಿ. ಒಂದು ಮಾತ್ರ ಜೋಡಿಗಿಂತ ಬೇರೆಯಾಗಿ ಕಂಡರೆ ಅದರ ಕಾಯಿಲ್ (ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಭಾಗ) ಮೇಲೆ ಅನುಮಾನ ಪಡಿ. ಈ ಗಾಡಿಯಲ್ಲಿ ನಾಲ್ಕು ಕಾಯಿಲ್‌ಗಳಿವೆ, ಸೋಲುವುದು ಹೆಚ್ಚಾಗಿ ಅವೇ. ಕಾಯಿಲ್ ಸತ್ತಿರುವಾಗ ಪ್ಲಗ್ ಮಾತ್ರ ಬದಲಿಸಿ ಓಡಿಸಿದರೆ ಉರಿಯದ ಪೆಟ್ರೋಲ್ ಸೈಲೆನ್ಸರ್ ಕೊಳವೆಯಲ್ಲಿ ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಅದು ಕರಗಿ ಕಟ್ಟಿಕೊಂಡರೆ ಎಂಜಿನ್ನಿಗೇ ಉಸಿರು ಕಟ್ಟುತ್ತದೆ.

ಪ್ರಶ್ನೆ (ಮಂಜೇಶ್ವರದ ಡಿಪ್ಲೊಮಾ ವಿದ್ಯಾರ್ಥಿನಿ)

ಅಣ್ಣ, ಮಧ್ಯೆ ಕೇಳುತ್ತಿದ್ದೇನೆ, ಕ್ಷಮಿಸಿ. ಒಂದು ರೋಟರಿಗೆ ಎರಡು ಪ್ಲಗ್ ಏಕೆ ಬೇಕು?

ಉತ್ತರ

ಒಳ್ಳೆಯ ಪ್ರಶ್ನೆ ತಂಗಿ. ಉರಿಯುವ ಹೊತ್ತಿನಲ್ಲಿ ಅಲ್ಲಿನ ಜಾಗ ಸಿಲಿಂಡರಿನಂತೆ ದುಂಡಗಿಲ್ಲ, ಬಿದಿಗೆಯ ಚಂದ್ರನಂತೆ ಉದ್ದ ಮತ್ತು ತೆಳು. ಒಂದು ಕಡೆ ಹಚ್ಚಿದ ಬೆಂಕಿ ಇನ್ನೊಂದು ತುದಿಗೆ ಮುಟ್ಟುವಷ್ಟರಲ್ಲಿ ರೋಟರ್ ಮುಂದೆ ಹೋಗಿರುತ್ತದೆ. ಆದ್ದರಿಂದ ಮುಖ್ಯ ಬೆಂಕಿಯನ್ನು ಲೀಡಿಂಗ್ ಹಚ್ಚಿದರೆ, ಹಿಂದುಳಿದದ್ದನ್ನು ಟ್ರೇಲಿಂಗ್ ಉರಿಸುತ್ತದೆ. ಟ್ರೇಲಿಂಗಿನ ರಂಧ್ರ ತೀರಾ ಸಣ್ಣದಾಗಿರುವುದನ್ನು ಗಮನಿಸಿ. ಸೀಲ್ ಅದನ್ನು ದಾಟುವಾಗ ಎರಡು ಬದಿಯ ಒತ್ತಡದಲ್ಲಿ ಅಂತರ ಹೆಚ್ಚು, ರಂಧ್ರ ದೊಡ್ಡದಾದರೆ ಅದರ ಮೂಲಕ ಅನಿಲ ಸೋರುತ್ತದೆ. 1991ರಲ್ಲಿ ಲೆ ಮಾನ್ಸ್‌ನ 24 ಗಂಟೆಗಳ ಓಟವನ್ನು ಗೆದ್ದ ಮಾಜ್ದಾ 787ಬಿಯಲ್ಲಿ ನಾಲ್ಕು ರೋಟರ್‌ಗಳಿದ್ದವು, ಪ್ರತಿ ರೋಟರಿಗೆ ಮೂರು ಪ್ಲಗ್. ಜಪಾನಿನ ಕಂಪನಿಯೊಂದು ಆ ಓಟವನ್ನು ಗೆದ್ದದ್ದು ಅದೇ ಮೊದಲು.

ಪ್ರಶ್ನೆ (ಪೆರ್ಲದಿಂದ)

ಇಂಥ ಕಾರನ್ನು ಗಲ್ಫಿನಿಂದ ಊರಿಗೆ ತಂದು ನೋಂದಾಯಿಸಬಹುದೇ?

ಉತ್ತರ

ಇಲ್ಲ. ಹಳೆಯ ಗಾಡಿ ತರುವುದಾದರೆ ತಯಾರಾಗಿ ಮೂರು ವರ್ಷ ದಾಟಿರಬಾರದು, ಸ್ಟಿಯರಿಂಗ್ ಬಲಬದಿಯಲ್ಲಿರಬೇಕು. ಆರ್‌ಎಕ್ಸ್-8 ತಯಾರಿಕೆ 2012ರಲ್ಲಿಯೇ ನಿಂತಿದೆ.

ಮರುಪ್ರಶ್ನೆ (ಕುಂಬಳೆಯಿಂದ)

ಅಣ್ಣ, ಆ ದಿನ ಗಾಡಿ ಸರಿಸಿದ ಮೇಲೆ ಸ್ಟಾರ್ಟ್ ಆಗದೆ ಹೋದದ್ದು ಪ್ಲಗ್ಗಿನ ದೋಷವೇ?

ಉತ್ತರ

ಪ್ಲಗ್ ಹಳೆಯದಾದದ್ದು ಅರ್ಧ ಕಾರಣ, ಉಳಿದರ್ಧ ನೀವು ನಿಲ್ಲಿಸಿದ ರೀತಿ. ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗುವಾಗ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಬಿಡುತ್ತದೆ. ಹತ್ತು ಮಾರು ಸರಿಸಿ ಆರಿಸಿದರೆ ಆ ಪೆಟ್ರೋಲ್ ಒಳಗೇ ಉಳಿದು ಪ್ಲಗ್ಗುಗಳನ್ನು ತೋಯಿಸುತ್ತದೆ, ಸೀಲ್‌ಗಳ ಮೇಲಿನ ಆಯಿಲಿನ ಪದರವನ್ನೂ ತೊಳೆಯುತ್ತದೆ. ಆಗ ಒತ್ತಡವೂ ಇಲ್ಲ, ಕಿಡಿಯೂ ಇಲ್ಲ. ಒಮ್ಮೆ ಸ್ಟಾರ್ಟ್ ಮಾಡಿದರೆ ಬಿಸಿಯ ಮುಳ್ಳು ತನ್ನ ಜಾಗಕ್ಕೆ ಬರುವ ತನಕ ಆರಿಸಬೇಡಿ. ಸರಿಸಲೇಬೇಕಾದರೆ ನಾಲ್ಕು ಜನ ಸೇರಿ ತಳ್ಳಿ.

ಹಾಗೆ ಆದಾಗ ಆಕ್ಸಿಲರೇಟರನ್ನು ನೆಲಕ್ಕೆ ಮುಟ್ಟುವಂತೆ ಒತ್ತಿ ಹಿಡಿದು ಹತ್ತು ಸೆಕೆಂಡ್ ಸ್ಟಾರ್ಟರ್ ತಿರುಗಿಸಿ. ಪೂರ್ತಿ ಒತ್ತಿದಾಗ ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸುತ್ತದೆ, ಗಾಳಿ ಮಾತ್ರ ಹೋಗಿ ಒಳಗೆ ಒಣಗುತ್ತದೆ. ಸ್ಟಾರ್ಟರಿಗೆ ಬಿಡುವು ಕೊಟ್ಟು ಎರಡು ಮೂರು ಸಲ ಮಾಡಿ. ಬ್ಯಾಟರಿ ಗಟ್ಟಿಯಾಗಿರಬೇಕು.

ಇನ್ನೊಂದು ಪರೀಕ್ಷೆ ಇದೆ. ಅರ್ಧ ಗಂಟೆ ಓಡಿಸಿ, ಆರಿಸಿ, ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿ. ಬಿಸಿಯಲ್ಲಿ ತಡಮಾಡಿದರೆ ಒತ್ತಡವನ್ನು ಅಳೆಸಬೇಕು. ಸಾಮಾನ್ಯ ಗೇಜ್ ರೋಟರಿನ ಮೂರು ಮುಖಗಳಲ್ಲಿ ಒಳ್ಳೆಯದನ್ನು ಮಾತ್ರ ತೋರಿಸಿ ಉಳಿದದ್ದನ್ನು ಮುಚ್ಚಿಡುತ್ತದೆ. ಮೂರೂ ಮುಖಗಳನ್ನು ಬೇರೆಬೇರೆಯಾಗಿ ಅಳೆಯುವ ರೋಟರಿ ಟೆಸ್ಟರ್ ಇರುವಲ್ಲಿಗೇ ಹೋಗಿ. ನಿಮಿಷಕ್ಕೆ 250 ಸುತ್ತಿನಲ್ಲಿ 680 ಕಿಲೋಪಾಸ್ಕಲ್‌ಗಿಂತ ಕಡಿಮೆ ಇರಬಾರದು.

ಐದು ವಾರಗಳ ನಂತರ (ಕುಂಬಳೆಯವರು, ಶಾರ್ಜಾದಿಂದ)

ಅಣ್ಣ, ಶುಕ್ರವಾರ ಬೆಳಿಗ್ಗೆ ಐದಕ್ಕೆ ಶುರುಮಾಡಿದೆ. ಮೂರು ಸುಲಭವಾಗಿ ಬಂದವು. ಹಿಂದಿನ ರೋಟರಿನ ಕೆಳಗಿನದು ಕದಲಲಿಲ್ಲ. ಬಲ ಹಾಕೋಣ ಎನಿಸಿತು, ನಿಮ್ಮ ಮಾತು ನೆನಪಾಗಿ ಕೈ ತೆಗೆದೆ. ಎಣ್ಣೆ ಸಿಂಪಡಿಸಿ ಶನಿವಾರ ಬೆಳಿಗ್ಗೆ ಬಿಚ್ಚಿದೆ, ಬಂತು. ಅದರ ತುದಿ ಮಾತ್ರ ಒದ್ದೆ, ಉಳಿದವು ಕಪ್ಪಾಗಿದ್ದರೂ ಒಣಗಿದ್ದವು. ಆ ಕಾಯಿಲಿನ ಮೈಯಲ್ಲಿ ಸಣ್ಣ ಬಿರುಕು ಕಂಡಿತು. ನಾಲ್ಕೂ ಕಾಯಿಲ್ ಬದಲಿಸಿದೆ. ನಡುಕ ನಿಂತಿದೆ, ಬಿಸಿಯಲ್ಲಿಯೂ ತಕ್ಷಣ ಸ್ಟಾರ್ಟ್ ಆಗುತ್ತಿದೆ.

ಉತ್ತರ

ಶುಕ್ರವಾರ ಕೈ ತೆಗೆದಿರಲ್ಲ, ಅಲ್ಲಿಯೇ ನಿಮ್ಮ ಎಂಜಿನ್ ಉಳಿಯಿತು. ತುಂಬಾ ಸಂತೋಷವಾಯಿತು. ಎರಡು ಸಲ ಪೆಟ್ರೋಲ್ ತುಂಬಿಸುವುದರೊಳಗೆ ಒಮ್ಮೆಯಾದರೂ ಆಯಿಲ್ ಮಟ್ಟವನ್ನು ನೋಡಿ, ಈ ಎಂಜಿನ್ ಆಯಿಲನ್ನು ತಿನ್ನುವುದು ಅದರ ಸ್ವಭಾವ. ಹಳೆಯ ಪ್ಲಗ್ಗುಗಳನ್ನು ಎಸೆಯಬೇಡಿ. ಮುಂದಿನ ರಜೆಯಲ್ಲಿ ರಟ್ಟಿನೊಂದಿಗೆ ಹಾಗೆಯೇ ಬದಿಯಡ್ಕಕ್ಕೆ ತನ್ನಿ. ನನ್ನಲ್ಲಿ ಕೆಲಸ ಕಲಿಯುವ ಹುಡುಗರು ರೋಟರಿಯ ಪ್ಲಗ್ಗನ್ನು ಕಣ್ಣಾರೆ ಕಂಡಿಲ್ಲ. ಮಂಜೇಶ್ವರದ ತಂಗಿಯೂ ಬರಲಿ, ಒದ್ದೆ ತುದಿಯನ್ನೂ ಒಣ ತುದಿಯನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸುತ್ತೇನೆ.