ಮೆಟಲ್ ಆಲ್ಬಮ್ ವಿಮರ್ಶೆಗೆ ಕನ್ನಡ ಪದಗಳು ಬೇಕು, ಸಹಾಯ ಮಾಡಿ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಸಾಧನಕೇರಿ ಕಡೆಯವನು. ಹೆವಿ ಮೆಟಲ್ (ಅಬ್ಬರದ ಗಿಟಾರ್, ಡ್ರಮ್ಸ್ ಇರುವ ರಾಕ್ ಸಂಗೀತ) ಆಲ್ಬಮ್‌ಗಳ ಬಗ್ಗೆ ಕನ್ನಡದಲ್ಲೇ ಬರೆಯಬೇಕು ಅಂತ ಹಟ ಹಿಡಿದು ಕೂತಿದ್ದೇನೆ. ಮೂರು ವಾರದಿಂದ ಒಂದೇ ಆಲ್ಬಮ್‌ನಲ್ಲಿ ಸಿಕ್ಕಿಬಿದ್ದಿದ್ದೇನೆ: ಅಮೆರಿಕದ ಸ್ಲೇಯರ್ ತಂಡದ 1986ರ ‘ರೇನ್ ಇನ್ ಬ್ಲಡ್’. ಹತ್ತು ಹಾಡು, ಒಟ್ಟು ಸುಮಾರು 29 ನಿಮಿಷ. ನಮ್ಮೂರಲ್ಲಿ ಒಂದು ವಿಲಂಬಿತ್ ಖಯಾಲ್ ಮುಗಿಯುವಷ್ಟರಲ್ಲಿ ಇಡೀ ಆಲ್ಬಮ್ಮೇ ಮುಗಿದಿರುತ್ತೆ!

ಗಿಟಾರ್ ಬಗ್ಗೆ ಹೇಗೋ ಬರೆದೆ. ಡ್ರಮ್ಸ್‌ಗೆ ಬಂದಾಗ ಕೈ ನಿಂತುಹೋಯಿತು. ಡಬಲ್ ಬಾಸ್ ಅಂದರೆ ಎರಡೂ ಕಾಲಲ್ಲಿ ಪೆಡಲ್ ತುಳಿದು ದಬದಬ ಬಾರಿಸೋದು. ‘ಎರಡು ಕಾಲಿನ ಹೊಡೆತ’ ಅಂತ ಬರೆದರೆ ಕುಸ್ತಿ ವರದಿ ಥರ ಕಾಣುತ್ತೆ. ಡೆತ್ ಮೆಟಲ್ ಅನ್ನೋ ಇನ್ನೂ ಉಗ್ರ ಶೈಲಿಯ ಬ್ಲಾಸ್ಟ್ ಬೀಟ್‌ಗೆ, ಅಂದರೆ ಡ್ರಮ್ಸ್‌ನ ಅತಿ ವೇಗದ ಬಡಿತಕ್ಕೆ, ‘ನಾಲ್ಕು ಜನ ಸೇರಿ ಜೋಳದ ರೊಟ್ಟಿ ಬಡಿದ ಹಾಗೆ’ ಅಂದೆ. ನನಗೇನೋ ಇಷ್ಟ ಆಯ್ತು, ಹುಬ್ಬಳ್ಳಿಯ ಗೆಳೆಯ ಬಿದ್ದು ಬಿದ್ದು ನಕ್ಕ.

ಗ್ರೌಲ್‌ಗೆ, ಅಂದರೆ ಗಂಟಲಾಳದಿಂದ ಗುರುಗುಟ್ಟುತ್ತಾ ಹಾಡೋದಕ್ಕೆ, ಮಾತ್ರ ಪದ ಸುಮ್ನೆ ಸಿಕ್ಕಿತು. ಅವ್ವ ಬಾಗಿಲಲ್ಲಿ ನಿಂತು, “ಒಳಗ ಹೋರಿ ಕಟ್ಟೀಯೇನೋ?” ಅಂದಳು. ಗುಟುರು! ಸರಿಯಾಗಿದೆ ಅಲ್ವಾ?

ಜಾಸ್ತಿ ಕಷ್ಟ ಮೊದಲ ಹಾಡಿನದು. ಅದು ಆಶ್‌ವಿಟ್ಸ್ ಯಾತನಾ ಶಿಬಿರದ ನಾಜಿ ವೈದ್ಯ ಮೆಂಗೆಲೆಯ ಕ್ರೌರ್ಯದ ಬಗ್ಗೆ ಇದೆ. ಹೊಗಳಿಕೆ ಅಲ್ಲ, ಆದರೆ ಬಿಡಿಸಿ ಹೇಳಿದ ಖಂಡನೆಯೂ ಅಲ್ಲ. ಮೆಟಲ್ ಕೇಳದವರಿಗೆ ಇದನ್ನು ಹೇಗೆ ತಿಳಿಸೋದು?

ತಬಲಾ ಬಲ್ಲವರು ಡ್ರಮ್ಸ್ ಪದಗಳಿಗೆ ದಾರಿ ತೋರಿಸಿ. ಕರಡು ಓದಿ ಬೈಯುವವರು ಇದ್ದರೆ ಇನ್ನೂ ಒಳ್ಳೇದು. ಮೂರೇ ಪುಟ ಇದೆ, ಕೇಳಿದರೆ ಕಳಿಸುತ್ತೇನೆ.