ಆಟಿಯಲ್ಲಿ ಕಾರು ತೆಗೆದು ದಿನ ಬಾಡಿಗೆಗೆ ಬಿಡಬಹುದಾ?

ಕಾಪು ಡ್ರೈವರ್:
6 ವರ್ಷದಿಂದ ಉಡುಪಿಯಲ್ಲಿ ಧಣಿಯ ಟೂರಿಸ್ಟ್ ಕಾರು ಓಡಿಸ್ತಾ ಇದ್ದೇನೆ. ಸಂಬಳ, ಮೇಲೆ ಬಾಟಾ (ಟ್ರಿಪ್ಪಿನ ದಿನದ ಊಟ-ಖರ್ಚಿನ ದುಡ್ಡು). ಇನ್ನು ಸ್ವಂತದ್ದು 7 ಸೀಟಿನ ಗಾಡಿ ತೆಗೆದು ದಿನ ಬಾಡಿಗೆಗೆ ಓಡಿಸುವ ಅಂತ ಉಂಟು. ಈಗ ಆಟಿ, ಅಂದ್ರೆ ನಮ್ಮ ತುಳುವರ ಜುಲೈ-ಆಗಸ್ಟಿನ ಮಳೆ ತಿಂಗಳು, ಶೋರೂಮಿನಲ್ಲಿ ಡಿಸ್ಕೌಂಟ್ ಒಳ್ಳೇದುಂಟು. ಭಾವ ಹೇಳುವುದು ಹಳೇ ವೈಟ್ ಬೋರ್ಡ್ (ಸ್ವಂತ ಉಪಯೋಗದ ಗಾಡಿ) ತೆಗೆ, ಪರಿಚಯದವರಿಗೆ ಮಾತ್ರ ಓಡಿಸು, ಪರ್ಮಿಟ್ಟಿನ ತಲೆಬಿಸಿ ಬೇಡ ಅಂತ. ನೀವೆಲ್ಲ ಎಂತ ಹೇಳ್ತೀರಿ?

ಸಂತೆಕಟ್ಟೆಯ ಹಳದಿ ಬೋರ್ಡ್:
ನಾನು ಬಾಡಿಗೆ ಓಡಿಸ್ಲಿಕ್ಕೆ ಶುರು ಮಾಡಿ 14 ವರ್ಷ ಆಯ್ತು. ವೈಟ್ ಬೋರ್ಡಿನ ಆಲೋಚನೆ ಇವತ್ತೇ ಬಿಡಿ. ಬಾಡಿಗೆಯಲ್ಲಿ ಎಲ್ಲಿಯಾದ್ರೂ ಗುದ್ದಿತು ಅಂತಾದ್ರೆ, ಸ್ವಂತ ಉಪಯೋಗದ ಗಾಡಿ ಬಾಡಿಗೆಗೆ ಬಿಟ್ಟಿದ್ದೀರಿ ಅಂತ ಇನ್ಶೂರೆನ್ಸಿನವರು ಕೈ ಎತ್ತಬಹುದು. ಹಿಂದೆ ಕೂತದ್ದು ನಿಮ್ಮ ಪರಿಚಯದವರೇ, ನೆನಪಿರ್ಲಿ.

ಆಟಿಯ ಡಿಸ್ಕೌಂಟಿಗೂ ಮರುಳಾಗ್ಬೇಡಿ. ನನ್ನ ಮೊದಲ ಗಾಡಿ ತೆಗೆದದ್ದು ಜುಲೈಯಲ್ಲಿ. ಹಾಗಾಗಿ ಪ್ರತಿ ವರ್ಷ ಇನ್ಶೂರೆನ್ಸ್ ಕಟ್ಟುವ ದಿನ ಬರುವುದು ಜುಲೈಯಲ್ಲೇ. ಎಫ್‌ಸಿಯೂ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್) ಹಾಗೇ, ಗಾಡಿಗೆ 8 ವರ್ಷ ಆಗುವವರೆಗೆ 2 ವರ್ಷಕ್ಕೊಮ್ಮೆ, ಮತ್ತೆ ವರ್ಷ ವರ್ಷ. ಜುಲೈ ಅಂದ್ರೆ ಸೈಂಟ್ ಮೇರೀಸ್ ದ್ವೀಪಕ್ಕೆ ಬೋಟ್ ಇಲ್ಲ, ಮಲ್ಪೆಯಲ್ಲಿ ನೀರಿಗಿಳಿಯಲಿಕ್ಕಿಲ್ಲ, ಶಿರಾಡಿಯಲ್ಲಿ ಗುಡ್ಡ ಜರಿದ್ರೆ ಬೆಂಗಳೂರಿನವರೂ ಇಲ್ಲ. ಒಂದು ಸಲ ಇಡೀ ತಿಂಗಳಿಗೆ ಸಿಕ್ಕಿದ್ದು 9 ಬಾಡಿಗೆ. ಹೆಂಡತಿಯ ಬಳೆ ಸೊಸೈಟಿಯಲ್ಲಿಟ್ಟು ಇನ್ಶೂರೆನ್ಸ್ ಕಟ್ಟಿದೆ. ಅದು ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ.

ಎರಡನೇ ಗಾಡಿ ದೀಪಾವಳಿಗೆ ತೆಗೆದೆ. ನವರಾತ್ರಿಗೆ ಕೇರಳದವರು ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸ್ಲಿಕ್ಕೆ ಕೊಲ್ಲೂರಿಗೆ ಬರ್ತಾರಲ್ಲ, ಈಗ ಆ ಬಾಡಿಗೆಯ ದುಡ್ಡೇ ಇನ್ಶೂರೆನ್ಸಿಗೆ ಹೋಗ್ತದೆ.

ದೂರದ ಟ್ರಿಪ್ಪಿಗೆ ನಾನು ದಿನಕ್ಕೆ ಕಡಿಮೆ ಅಂದ್ರೂ 250 ಕಿ.ಮೀ. ಹಿಡಿಯುವುದು, ಗಾಡಿ ಅಷ್ಟು ಓಡದಿದ್ರೂ. ಬಾಟಾ, ಟೋಲ್, ಪಾರ್ಕಿಂಗ್ ಬೇರೆ. ಕಿಲೋಮೀಟರ್ ಲೆಕ್ಕ ನಮ್ಮ ಮನೆಯಿಂದ ಹೊರಟು ಮನೆಗೆ ಬರುವವರೆಗೆ. ಇದನ್ನು ಪಾರ್ಟಿಗೆ ಮೊದಲೇ ಹೇಳದಿದ್ರೆ ಇಳಿಯುವಾಗ ಚರ್ಚೆ ಖಂಡಿತ. ರಾತ್ರಿ ಮನೆಗೆ ಬಂದ ಕೂಡ್ಲೇ ಕಿ.ಮೀ.ಗೆ 2 ರೂಪಾಯಿ ಹಾಗೆ ಟಯರಿಗೆ, ಸರ್ವೀಸಿಗೆ ಬೇರೆ ತೆಗೆದಿಡಿ. ಅದು ಗಾಡಿಯ ದುಡ್ಡು, ನಮ್ಮದಲ್ಲ.

ಮಂಗಳೂರು ಪಿಕಪ್:
ನಮ್ಮದು ಮೀನಿನ ಬಾಡಿಗೆ, ದಕ್ಕೆಯಿಂದ (ಮೀನಿನ ಬೋಟು ನಿಲ್ಲುವ ಬಂದರು). ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಟ್ರಾಲ್ ಬೋಟುಗಳಿಗೆ ರಜೆ, ಬ್ಯಾಂಕಿನ ಕಂತಿಗೆ ರಜೆ ಇಲ್ಲ. ಮೇ ತಿಂಗಳೊಳಗೆ 2 ಕಂತು ಕೈಯಲ್ಲಿ ಇಟ್ಟುಕೊಂಡೇ ನಾನು ಮಳೆಗಾಲಕ್ಕೆ ಕಾಲಿಡುವುದು. ಅಣ್ಣ ಹೇಳಿದ್ದು ಸರಿ.

ಕಾಪು ಡ್ರೈವರ್:
ತಾರೀಕಿನ ವಿಷಯ ನನಗೆ ಹೊಳೆದೇ ಇರ್ಲಿಲ್ಲ ಅಣ್ಣ. ದೀಪಾವಳಿಗೇ ತೆಗೆಯುವುದು. ಧಣಿಗೆ ಹೇಳ್ಲಿಕ್ಕೆ ಮಾತ್ರ ಹೆದರಿಕೆ ಆಗ್ತದೆ.

ಸಂತೆಕಟ್ಟೆಯ ಹಳದಿ ಬೋರ್ಡ್:
ಈಗಲೇ ಹೇಳಿ ಮಾರಾಯ್ರೆ, ಬೇರೆಯವರ ಬಾಯಿಂದ ಗೊತ್ತಾಗುವುದು ಬೇಡ. ಡಿಸೆಂಬರಿನಲ್ಲಿ ಅವರ ಗಾಡಿಗಳೆಲ್ಲ ಹೊರಗಿರುವಾಗ ಮತ್ತೊಂದು ಪಾರ್ಟಿ ಬಂದ್ರೆ ಅವರು ಮೊದಲು ಫೋನ್ ಮಾಡುವುದು ನಿಮಗೇ. ನನಗೆ ಮೊದಲ ವರ್ಷ ಅರ್ಧ ಬಾಡಿಗೆ ಸಿಕ್ಕಿದ್ದು ಹಳೇ ಧಣಿಯಿಂದ.