ಮೂರು ಕಂಪ್ಯೂಟರ್, ಒಂದೇ ರೆಪೊ: ಕಮಿಟ್ ಮಾಯ, ಗೊತ್ತಿಲ್ಲದ ಬ್ರಾಂಚ್ ಹಾಜರ್!

ತುಂತುರು_ಕೋಡ್:
ಮನೆಯಲ್ಲಿ ಉಬುಂಟು ಡೆಸ್ಕ್‌ಟಾಪ್, ಓಡಾಟಕ್ಕೆ ವಿಂಡೋಸ್ ಲ್ಯಾಪ್‌ಟಾಪ್, ಊರಲ್ಲಿ ಒಂದು ಹಳೇ ಲ್ಯಾಪ್‌ಟಾಪ್. ಸ್ವಂತ ಕೋಡ್ ಇರುವ ಗಿಟ್ ರೆಪೊ ಫೋಲ್ಡರನ್ನು (ಗಿಟ್ ಅಂದರೆ ಕೋಡ್ ಬದಲಾವಣೆಗಳ ಇತಿಹಾಸ ಇಡುವ ತಂತ್ರಾಂಶ, ರೆಪೊ ಅಂದರೆ ಅದು ನೋಡಿಕೊಳ್ಳುವ ಫೋಲ್ಡರ್) ಇಡಿಯಾಗಿ ಒಂದು ಸಿಂಕ್ ಆ್ಯಪ್‌ಗೆ ಕೊಟ್ಟಿದ್ದೇನೆ. ಊರಲ್ಲಿ ನೆಟ್ ಇರಲಿಲ್ಲ, ಹಾಗೇ ಕಮಿಟ್ ಮಾಡಿದೆ (ಬದಲಾವಣೆಯನ್ನು ಇತಿಹಾಸಕ್ಕೆ ಸೇರಿಸಿದೆ). ಆಮೇಲೆ ಡೆಸ್ಕ್‌ಟಾಪ್‌ನಲ್ಲಿ ಬೇರೆ ಕಮಿಟ್ ಮಾಡಿದೆ. ಈಗ ಊರಿನ ಕಮಿಟ್‌ಗಳು ಲಾಗ್‌ನಲ್ಲಿ ಇಲ್ಲ. 'ಗಿಟ್ ಬ್ರಾಂಚ್' ಹೊಡೆದರೆ ಮುಖ್ಯ ಬ್ರಾಂಚ್ (ಕಮಿಟ್‌ಗಳ ಕವಲು) ಆದ ಮೇನ್ ಪಕ್ಕದಲ್ಲಿ 'ಮೇನ್.ಸಿಂಕ್-ಕಾನ್‌ಫ್ಲಿಕ್ಟ್' ಅಂತ ಶುರುವಾಗಿ, ತಾರೀಕು, ಸಮಯ ಎಲ್ಲ ಅಂಟಿಕೊಂಡಿರುವ ಒಂದು ಬ್ರಾಂಚ್ ಕಾಣುತ್ತದೆ. ಕೆಲಸ ಹೋಯ್ತಾ?

ಹಳೇ_ಪೆಂಗ್ವಿನ್:
ಹೋಗಿಲ್ಲ. ಊರಿನ ಕಮಿಟ್‌ಗಳು ಆ ಬ್ರಾಂಚ್‌ನಲ್ಲೇ ಇರುತ್ತವೆ. ಆದರೆ ಮೊದಲು ಮೂರೂ ಕಡೆ ಸಿಂಕ್ ನಿಲ್ಲಿಸಿ, ಫೋಲ್ಡರ್‌ನ ಒಂದು ನಕಲು ತೆಗೆದಿಡಿ.

ಬ್ರಾಂಚ್‌ನ ಹೆಸರು ನೋಡಿದರೆ ನಿಮ್ಮ ಸಿಂಕ್ ಆ್ಯಪ್ ಸಿಂಕ್‌ಥಿಂಗ್ ಇರಬೇಕು. ಅದು ತನ್ನ ಕೆಲಸ ಸರಿಯಾಗೇ ಮಾಡಿದೆ. ಮೇನ್ ಬ್ರಾಂಚ್ ಅಂದರೆ '.ಗಿಟ್' (ಗಿಟ್ ಇತಿಹಾಸ ಇಡುವ ಫೋಲ್ಡರ್) ಒಳಗಿನ ಒಂದು ಪುಟ್ಟ ಫೈಲ್, ಸಾಮಾನ್ಯವಾಗಿ 41 ಬೈಟ್: ಕಮಿಟ್‌ನ 40 ಅಕ್ಷರದ ಹ್ಯಾಶ್ (ಒಳಗಿನ ವಿಷಯದಿಂದ ಲೆಕ್ಕ ಹಾಕಿದ ಗುರುತು), ಕೊನೆಗೊಂದು ಹೊಸ ಸಾಲು. ಎರಡು ಕಡೆ ಅದು ಬದಲಾದಾಗ, ಹಳೆಯದನ್ನು ಆ್ಯಪ್ ಬೇರೆ ಹೆಸರಲ್ಲಿ ಪಕ್ಕಕ್ಕೆ ಇಟ್ಟಿತು. ಆ ಜಾಗದಲ್ಲಿ ಯಾವ ಫೈಲ್ ಕಂಡರೂ ಗಿಟ್‌ಗೆ ಅದೊಂದು ಬ್ರಾಂಚ್! ಕಮಿಟ್‌ಗಳ ಆಬ್ಜೆಕ್ಟ್‌ಗಳಿಗೆ (ವಿಷಯ ಇರುವ ಫೈಲ್‌ಗಳಿಗೆ) ಹ್ಯಾಶೇ ಹೆಸರು, ಹಾಗಾಗಿ ಅವು ಜಗಳವಾಡದೆ ಒಟ್ಟಿಗೆ ಬಂದು ಸೇರಿರುತ್ತವೆ.

ಈ ಫೋಲ್ಡರ್‌ನಲ್ಲೇ ಮರ್ಜ್ ಮಾಡಲು (ಎರಡು ಬ್ರಾಂಚ್ ಒಂದಾಗಿಸಲು) ಹೋಗಬೇಡಿ. ಅಲ್ಲಿ ಎರಡೂ ಕಡೆಯ ಫೈಲ್‌ಗಳು ಬೆರೆತು ಹೋಗಿವೆ, 'ಗಿಟ್ ಸ್ಟೇಟಸ್' ನಂಬುವ ಹಾಗಿಲ್ಲ. ಬೇರೆ ಜಾಗಕ್ಕೆ ರೆಪೊವನ್ನು ಕ್ಲೋನ್ ಮಾಡಿ (ಇತಿಹಾಸ ಸಮೇತ ನಕಲಿಸಿ), ಅಲ್ಲಿ 'ಗಿಟ್ ಮರ್ಜ್ ಆರಿಜಿನ್/' ಮುಂದೆ ಆ ಉದ್ದನೆಯ ಹೆಸರು ಹಾಕಿ. ಕಮಿಟ್ ಆಗದ ಬದಲಾವಣೆ ಇದ್ದರೆ ಹಳೇ ಫೋಲ್ಡರ್ ಪಕ್ಕದಲ್ಲಿಟ್ಟು ಕೈಯಾರೆ ಹೋಲಿಸಿ. ಬೋರು, ಆದರೆ ಬೇರೆ ದಾರಿ ಇಲ್ಲ.

ಇನ್ನು ಮುಂದೆ '.ಗಿಟ್' ಫೋಲ್ಡರನ್ನು ಸಿಂಕ್ ಆ್ಯಪ್ ಕೈಗೆ ಕೊಡಬೇಡಿ. 'ಗಿಟ್ ಇನಿಟ್ --ಬೇರ್' ಮಾಡಿ ಒಂದು ಬೇರ್ ರೆಪೊ (ಕೆಲಸದ ಫೈಲ್‌ಗಳಿಲ್ಲದೆ ಇತಿಹಾಸ ಮಾತ್ರ ಇರುವ ರೆಪೊ) ಇಡಿ, ಮೂರೂ ಕಂಪ್ಯೂಟರ್ ಅದಕ್ಕೇ ಪುಶ್ (ಕಮಿಟ್ ಕಳಿಸುವುದು), ಅದರಿಂದಲೇ ಪುಲ್ (ಕಮಿಟ್ ತರಿಸಿಕೊಳ್ಳುವುದು) ಮಾಡಲಿ. ಗಿಟ್‌ಹಬ್ ಪ್ರೈವೇಟ್ ರೆಪೊ ಆದರೂ ಸರಿ, ಮನೆಯ ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್) ಆದರೂ ಸರಿ. ಎರಡು ಕಡೆ ಬೇರೆ ಬೇರೆ ಕಮಿಟ್ ಇದ್ದರೆ ಪುಶ್ ಅಲ್ಲೇ ತಿರಸ್ಕಾರವಾಗುತ್ತದೆ. ನಮಗೆ ಬೇಕಾಗಿರೋದೂ ಅದೇ ಅಲ್ವಾ?

ತುಂತುರು_ಕೋಡ್:
ಮರ್ಜ್ ಆಯ್ತು, ಎಲ್ಲ ಸಿಕ್ಕಿತು! ಊರಲ್ಲಿ ನೆಟ್ ನಂಬೋಕಾಗಲ್ಲ ಅಂತ ಬೇರ್ ರೆಪೊ ಪೆನ್ ಡ್ರೈವ್‌ನಲ್ಲಿ ಇಟ್ಟೆ. ವಿಂಡೋಸ್‌ನಲ್ಲಿ ಪುಲ್ ಮಾಡಿದರೆ 'ಡ್ಯೂಬಿಯಸ್ ಓನರ್‌ಶಿಪ್' (ಮಾಲೀಕರ ಬಗ್ಗೆ ಅನುಮಾನ) ಅನ್ನುತ್ತಿದೆ.

ಬೇರ್_ರೆಪೊ:
ಡ್ರೈವ್ ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಬೇಕು. ಅದರಲ್ಲಿ ಫೈಲ್ ಯಾರದ್ದು ಅನ್ನೋ ದಾಖಲೆಯೇ ಇರುವುದಿಲ್ಲ. 2022ರ ಭದ್ರತಾ ಬದಲಾವಣೆಯ ನಂತರ ಗಿಟ್ ಇದನ್ನು ಪರೀಕ್ಷಿಸುತ್ತದೆ. ಎರರ್‌ನ ಕೆಳಗೇ 'ಸೇಫ್.ಡೈರೆಕ್ಟರಿ' (ಈ ಫೋಲ್ಡರನ್ನು ನಂಬು ಅನ್ನುವ ಸೆಟ್ಟಿಂಗ್) ಇರುವ ಕಮಾಂಡ್ ತೋರಿಸುತ್ತದೆ, ಅದನ್ನೇ ಕಾಪಿ ಮಾಡಿ ಓಡಿಸಿ. ಸುಮ್ನೆ ಫೋಲ್ಡರ್ ಹೆಸರಿನ ಜಾಗದಲ್ಲಿ ನಕ್ಷತ್ರ (*) ಹಾಕಿ ಎಲ್ಲ ಫೋಲ್ಡರ್‌ಗೂ ಬಾಗಿಲು ತೆಗೆಯಬೇಡಿ.

ತುಂತುರು_ಕೋಡ್:
ಆಯ್ತು, ಪುಲ್ ಆಗುತ್ತಿದೆ. ಅರ್ಧ ಮಾಡಿದ ಕೆಲಸವನ್ನು ಸ್ಟ್ಯಾಶ್‌ನಲ್ಲಿ (ಕಮಿಟ್ ಮಾಡದ ಬದಲಾವಣೆಗಳನ್ನು ಗಿಟ್ ತಾತ್ಕಾಲಿಕವಾಗಿ ಎತ್ತಿಡುವ ಜಾಗ) ಇಟ್ಟು ಪುಶ್ ಮಾಡಿದರೆ ಸಾಕಾ?

ಹಳೇ_ಪೆಂಗ್ವಿನ್:
ಸಾಲದು. ಮಾಮೂಲಿ ಪುಶ್ ಜೊತೆ ಸ್ಟ್ಯಾಶ್ ಹೋಗುವುದಿಲ್ಲ, ಆ ಕಂಪ್ಯೂಟರ್‌ನಲ್ಲೇ ಉಳಿಯುತ್ತದೆ. 'ಅರ್ಧಂಬರ್ಧ' ಅಂತ ಒಂದು ಬ್ರಾಂಚ್ ಮಾಡಿ, ಕಮಿಟ್ ಮಾಡಿ, ಪುಶ್ ಮಾಡಿ. ಇನ್ನೊಂದು ಕಂಪ್ಯೂಟರ್‌ನಲ್ಲಿ ಅದನ್ನು ಇಳಿಸಿಕೊಂಡು 'ಗಿಟ್ ರೀಸೆಟ್ ಹೆಡ್~1' ಹೊಡೆದರೆ ಆ ಕಮಿಟ್ ಬಿಚ್ಚಿಕೊಂಡು ಬದಲಾವಣೆಗಳು ಕೈಗೆ ಬರುತ್ತವೆ.